ಟೇಲರ್ ಕೆ-2006: ಹೊಸ ನೀರು ತುಂಬಿದ ಈಜುಕೊಳಕ್ಕೆ ಹನಿ ಲೆಕ್ಕದ ಕಿಟ್

ಅಪಾರ್ಟ್‌ಮೆಂಟ್ ಈಜುಕೊಳಗಳ ಪಂಪ್‌ರೂಮಿನಲ್ಲಿ ಸಾಮಾನ್ಯವಾಗಿ ಇರುವುದು ಎರಡು ಕೊಳವೆಯ ಅಗ್ಗದ ಕಿಟ್: ಒಂದರಲ್ಲಿ ಹಳದಿ (ಕ್ಲೋರಿನ್‌ಗೆ), ಇನ್ನೊಂದರಲ್ಲಿ ಕೆಂಪು (ಪಿಎಚ್‌ಗೆ). ದಿನನಿತ್ಯಕ್ಕೆ ಹೇಗೋ ಸಾಗುತ್ತದೆ. ಕೊಳ ಖಾಲಿ ಮಾಡಿ ಮತ್ತೆ ತುಂಬಿಸಿದಾಗ ಅದು ಸಾಲದು. ಹಳದಿ ಬಣ್ಣ ತೋರಿಸುವುದು ಒಟ್ಟು ಕ್ಲೋರಿನ್ ಅಷ್ಟೇ. ಆಲ್ಕಲಿನಿಟಿ (ಆಮ್ಲ ಬಿದ್ದರೆ ತಡೆದುಕೊಳ್ಳುವ ಶಕ್ತಿ), ಗಡಸುತನ, ಬಿಸಿಲಿನಿಂದ ಕ್ಲೋರಿನ್ ಕಾಯುವ ಸಯನ್ಯೂರಿಕ್ ಆಮ್ಲದ ಸುದ್ದಿಗೇ ಅದು ಹೋಗುವುದಿಲ್ಲ. ಅಮೆರಿಕದ ಟೇಲರ್ ಕಂಪನಿಯ ಕೆ-2006 ಇವೆಲ್ಲವನ್ನೂ ಅಳೆಯುತ್ತದೆ.

ಬೆಂಗಳೂರಿನಲ್ಲಿ ಇದರ ಅಗತ್ಯ ಹೆಚ್ಚು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿತು. ಉಳಿದದ್ದು ಬೋರ್‌ವೆಲ್ ಅಥವಾ ಟ್ಯಾಂಕರ್, ಅಂದರೆ ಬಹುಪಾಲು ಗಡಸು ನೀರೇ.

ಮೊದಲ ದಿನದ ಪಿಎಚ್ ನಂಬಬೇಡಿ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್‌ನಿಂದ ಅದು 7ರ ಆಸುಪಾಸು ಕಾಣುತ್ತದೆ. ಪಂಪ್ ಒಂದು ದಿನ ಓಡಿ ಅನಿಲ ಹೊರಹೋದರೆ 8 ಮುಟ್ಟಬಹುದು. ಕಡಿಮೆ ಇದೆಯೆಂದು ಸೋಡಾ ಆ್ಯಶ್ ಸುರಿದರೆ ಸುಣ್ಣ ಬಿಟ್ಟುಕೊಂಡು ಕೊಳ ಹಾಲಿನಂತಾಗುತ್ತದೆ. ಆದ್ದರಿಂದ ಮೊದಲು ಆಲ್ಕಲಿನಿಟಿ ನೋಡಿ: 25 ಮಿ.ಲೀ. ನೀರಿಗೆ ಕಿಟ್‌ನ ಶೀಶೆಗಳಿಂದ ಆರ್-0007 ಎರಡು ಹನಿ, ಆರ್-0008 ಐದು ಹನಿ. ಹಸಿರಾಗುತ್ತದೆ. ಆರ್-0009 ಹನಿಹನಿಯಾಗಿ ಹಾಕುತ್ತಾ ಕೆಂಪಾಗುವವರೆಗೆ ಎಣಿಸಿ; ಹನಿಗೆ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ಹಸಿರಿನ ಬದಲು ನೀಲಿ ಬಂದು ಹಳದಿಗೆ ತಿರುಗಿದರೆ ಕ್ಲೋರಿನ್ ಜಾಸ್ತಿಯಿದೆ ಎಂದರ್ಥ.

ಆಲ್ಕಲಿನಿಟಿ ಹೆಚ್ಚಿದ್ದರೆ ಇಳಿಸಬೇಕು. ಒಂದು ಲಕ್ಷ ಲೀಟರಿನ ಕೊಳದಲ್ಲಿ ಅದನ್ನು 10 ಪಿಪಿಎಂ ಇಳಿಸಲು ಶೇ. 30ರ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 2 ಲೀಟರ್ ಬೇಕು. ಒಂದೇ ಸಲ ಸುರಿಯಬೇಡಿ. ಪಿಎಚ್ 7.2ಕ್ಕೆ ತಂದು ನಿಲ್ಲಿಸಿ, ನೀರು ಕೊಳಕ್ಕೆ ಮರಳುವ ರಿಟರ್ನ್ ಬಾಯಿಗಳನ್ನು ಮೇಲ್ಮುಖ ಮಾಡಿ ನೀರು ಕಲಕಲು ಬಿಡಿ. ಪಿಎಚ್ ತಾನೇ ಏರುತ್ತದೆ, ಆಲ್ಕಲಿನಿಟಿ ಏರುವುದಿಲ್ಲ. ಆಗ ಮತ್ತೆ ಆಮ್ಲ. ಆಲ್ಕಲಿನಿಟಿ 70–80 ಪಿಪಿಎಂಗೆ ಬಂದರೆ ಸಾಕು. ಪ್ರತಿ ಸುತ್ತಿಗೆ ಎಷ್ಟು ಆಮ್ಲ ಎನ್ನುವುದಕ್ಕೆ ಆರ್-0005ರ ಹನಿ ಎಣಿಸಿ ಕೈಪಿಡಿಯ ಕೋಷ್ಟಕ ನೋಡಬಹುದು. ಕಿಟ್‌ಗೆ ಕೊಟ್ಟ ಹಣಕ್ಕೆ ಇದೊಂದೇ ಸಾಕು ಅನ್ನಿಸುವ ಪರೀಕ್ಷೆ.

ಗಡಸುತನದ ಪರೀಕ್ಷೆಗೆ ಬೋರ್‌ವೆಲ್ ನೀರಾದರೆ 25ರ ಬದಲು 10 ಮಿ.ಲೀ. ತೆಗೆದುಕೊಳ್ಳಿ: ಆರ್-0010 ಹತ್ತು ಹನಿ, ಆರ್-0011ಎಲ್ ಮೂರು, ಆಮೇಲೆ ಕೆಂಪು ಹೋಗಿ ನೀಲಿ ಬರುವವರೆಗೆ ಆರ್-0012. ಹನಿಗೆ 25 ಪಿಪಿಎಂ. ಬಣ್ಣ ನೇರಳೆಯಲ್ಲೇ ನಿಂತರೆ ನೀರಿನಲ್ಲಿ ಲೋಹವಿದೆ. ಆಗ ಬೇರೆ 10 ಮಿ.ಲೀ. ನೀರು ತೆಗೆದುಕೊಂಡು ಮೊದಲೇ ಆರ್-0012 ಐದಾರು ಹನಿ ಹಾಕಿ ಶುರುಮಾಡಿ, ಅವನ್ನೂ ಲೆಕ್ಕಕ್ಕೆ ಸೇರಿಸಿ. ಗಡಸುತನ ಇಳಿಸುವ ಪುಡಿ ಅಂಗಡಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಮೆದು ನೀರು ಬೆರೆಸಬೇಕು, ಇಲ್ಲವೇ ಪಿಎಚ್ ತಗ್ಗಿಸಿಟ್ಟು ಸುಣ್ಣ ಕೂರದಂತೆ ನೋಡಿಕೊಳ್ಳಬೇಕು. ಕ್ಲೋರಿನ್‌ಗೆಂದು ಹಾಕುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ 10 ಪಿಪಿಎಂ ಕ್ಲೋರಿನ್ ಕೊಡುವಾಗ ಸುಮಾರು 7 ಪಿಪಿಎಂ ಗಡಸುತನವನ್ನೂ ಕೊಡುತ್ತದೆ, ಹಾಗಾಗಿ ಇಂಥ ಕೊಳಕ್ಕೆ ದ್ರವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ವಾಸಿ.

ಹೊಸ ನೀರಿನಲ್ಲಿ ಸಯನ್ಯೂರಿಕ್ ಆಮ್ಲ ಸೊನ್ನೆ. ಅದಿಲ್ಲದೆ ಬಿಸಿಲು ಕ್ಲೋರಿನ್ ಅನ್ನು ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತದೆ. ಲಕ್ಷ ಲೀಟರಿಗೆ 3 ಕೆ.ಜಿ. ಹಾಕಿದರೆ 30 ಪಿಪಿಎಂ. ಟಿಸಿಸಿಎ-90 (ಸಯನ್ಯೂರಿಕ್ ಕೂಡಿರುವ ಕ್ಲೋರಿನ್) ಬಳಸುವವರು ಸ್ವಲ್ಪ ಕಡಿಮೆಯಿಂದಲೇ ಶುರುಮಾಡಲಿ, ಅದರ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ 6 ಪಿಪಿಎಂ ಸಯನ್ಯೂರಿಕ್ ಬರುತ್ತದೆ. ಟಿಸಿಸಿಎಯನ್ನೂ ಕ್ಯಾಲ್ಸಿಯಂ ಹೈಪೋವನ್ನೂ ಒಂದೇ ಬಕೆಟ್ಟಿಗೆ ಯಾವತ್ತೂ ಹಾಕಬಾರದು, ಬೆಂಕಿ ಹತ್ತುತ್ತದೆ.

ಕಿಟ್ ಸೋಲುವುದೂ ಈ ಸಯನ್ಯೂರಿಕ್ ಪರೀಕ್ಷೆಯಲ್ಲೇ. ನೀರು ಮಸುಕಾಗಿ ಕೊಳವೆಯ ತಳದ ಕಪ್ಪು ಚುಕ್ಕೆ ಮರೆಯಾಗುವುದನ್ನು ಕಣ್ಣಳತೆಯಲ್ಲಿ ಹಿಡಿಯಬೇಕು, 30ಕ್ಕಿಂತ ಕಡಿಮೆ ಓದಲಾಗದು, ಒಂದು ಸಲಕ್ಕೆ ಆರ್-0013 ಏಳು ಮಿ.ಲೀ. ಖರ್ಚು. ಕ್ಲೋರಿನ್ ಪರೀಕ್ಷೆ ಮಾತ್ರ ಅಚ್ಚುಕಟ್ಟು: 25 ಮಿ.ಲೀ. ತೆಗೆದುಕೊಂಡರೆ 0.2 ಪಿಪಿಎಂವರೆಗೆ ಹಿಡಿಯುತ್ತದೆ, ಮುಕ್ತ (ಕೆಲಸಕ್ಕೆ ಉಳಿದಿರುವ) ಮತ್ತು ಸಂಯುಕ್ತ (ಕೊಳೆಯೊಂದಿಗೆ ಸೇರಿಹೋದ) ಕ್ಲೋರಿನ್ ಎರಡನ್ನೂ ಬೇರ್ಪಡಿಸುತ್ತದೆ.

ಕಬ್ಬಿಣ ಅಳೆಯುವ ಶೀಶೆ ಇದರಲ್ಲಿಲ್ಲ. ಬೋರ್‌ವೆಲ್ ನೀರಿಗೆ ಮೊದಲ ಕ್ಲೋರಿನ್ ಬಿದ್ದೊಡನೆ ಚಹಾ ಬಣ್ಣ ಬರುವುದು ಕಬ್ಬಿಣದಿಂದ, ಅದಕ್ಕೆ ಬೇರೆ ಪರೀಕ್ಷೆ ಕೊಳ್ಳಬೇಕು. ಕೆ-2006ಸಿ ಇದೇ ಕಿಟ್, ಶೀಶೆಗಳು ದೊಡ್ಡವು. ಒಂದೇ ಕೊಳವಿರುವವರಿಗೆ ಚಿಕ್ಕದೇ ಸಾಕು, ಇಲ್ಲದಿದ್ದರೆ ಮುಗಿಯುವ ಮೊದಲೇ ಅವಧಿ ಮೀರುತ್ತದೆ. ಇಡುವ ಜಾಗ ಆಮ್ಲದ ಕ್ಯಾನ್ ಪಕ್ಕದ ಪಂಪ್‌ರೂಮ್ ಆಗದಿರಲಿ.