ಶಿವಮೊಗ್ಗ ನಗರದ ಪೊಲೀಸ್ ಸೇವೆ: ಲೇಡೀಸ್ ಪಿಜಿ ನಡೆಸುವವಳ ಅಭಿಪ್ರಾಯ

ವಿನೋಬನಗರದಲ್ಲಿ ನಾನು ಹೆಣ್ಣುಮಕ್ಕಳ ಪಿಜಿ ನಡೆಸುತ್ತೇನೆ. ಈ ಕೆಲಸದಲ್ಲಿ ಪೊಲೀಸರ ಸಹವಾಸ ತಪ್ಪಿದ್ದಲ್ಲ. ಹೊಸದಾಗಿ ಸೇರಿದವರ ವಿವರ ಕೊಡಬೇಕು. ಒಬ್ಬಳ ಮೊಬೈಲ್ ಕಳೆದಿರುತ್ತದೆ, ಇನ್ನೊಬ್ಬಳಿಗೆ ಪಾಸ್‌ಪೋರ್ಟ್ ವೆರಿಫಿಕೇಶನ್ ಬಂದಿರುತ್ತದೆ. ಗೇಟಿನ ಎದುರು ಬೈಕ್ ನಿಲ್ಲಿಸಿಕೊಂಡು ಕೂರುವ ಹುಡುಗರ ಕಾಟ ಬೇರೆ. ನಮ್ಮಂಥ ಊರಲ್ಲಿ ಪೊಲೀಸ್ ಸೇವೆ ಹೇಗಿದೆ, ಯಾವುದಕ್ಕೆ ಯಾರ ಹತ್ತಿರ ಹೋಗಬೇಕು ಅನ್ನುವುದು ಪಿಜಿಗೆ ಮಗಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ತಿಳಿದುಕೊಳ್ಳಬೇಕಾದ ವಿಷಯ: ಶಿವಮೊಗ್ಗ ನಗರಕ್ಕೆ ಅಂತಲೇ ಒಬ್ಬ ಪೊಲೀಸ್ ಮುಖ್ಯಸ್ಥರಿಲ್ಲ. ಮಹಾನಗರ ಪಾಲಿಕೆ ಇದೆ, ಮೇಯರ್ ಹುದ್ದೆ ಇದೆ, ಆದರೆ ಪೊಲೀಸ್ ಕಮಿಷನರ್ ಇಲ್ಲ. ರಾಜ್ಯದಲ್ಲಿ ಕಮಿಷನರ್ ಇರುವುದು ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ, ಇಷ್ಟು ಕಡೆ ಮಾತ್ರ. ನಮ್ಮಲ್ಲಿ ಎಲ್ಲವೂ ಇಡೀ ಜಿಲ್ಲೆಯ ಪೊಲೀಸ್ ಮುಖ್ಯಸ್ಥರಾದ ಎಸ್‌ಪಿ ಅವರ ಕೈಯಲ್ಲಿ. ಅವರು ಸಾಗರ, ಸೊರಬ, ಶಿಕಾರಿಪುರ, ಹೊಸನಗರ, ತೀರ್ಥಹಳ್ಳಿ, ಭದ್ರಾವತಿ ಎಲ್ಲವನ್ನೂ ನೋಡಬೇಕು. ಆಗುಂಬೆ ಘಾಟಿಯಲ್ಲಿ ಏನಾದರೂ ಆದರೂ ಅವರೇ, ನಮ್ಮ ಬೀದಿಯ ಜಗಳ ದೊಡ್ಡದಾದರೂ ಅವರೇ. ಎಸ್‌ಪಿಗಳ ಮೇಲೆ ದಾವಣಗೆರೆಯಲ್ಲಿ ಕೂರುವ ಪೂರ್ವ ವಲಯದ ಐಜಿಪಿ, ಅದಕ್ಕೂ ಮೇಲೆ ಬೆಂಗಳೂರಿನ ಡಿಜಿಪಿ. ಎಸ್‌ಪಿ ಕೆಳಗೆ ಹೆಚ್ಚುವರಿ ಎಸ್‌ಪಿ, ಆಮೇಲೆ ಉಪವಿಭಾಗಕ್ಕೊಬ್ಬ ಡಿವೈಎಸ್‌ಪಿ. ಶಿವಮೊಗ್ಗಕ್ಕೆ ಎ ಮತ್ತು ಬಿ ಅಂತ ಎರಡು ಉಪವಿಭಾಗ. ಅಂದರೆ ದೊಡ್ಡಪೇಟೆ, ಕೋಟೆ, ಜಯನಗರ, ವಿನೋಬನಗರ, ತುಂಗಾನಗರ ಹೀಗೆ ಇರುವ ಠಾಣೆಗಳೆಲ್ಲ ಒಟ್ಟಿಗೆ ಸೇರುವ ಜಾಗ ಎಸ್‌ಪಿ ಕಚೇರಿಯೇ. ಮಾಚೇನಹಳ್ಳಿಯಲ್ಲಿರುವ ಕೆಎಸ್‌ಆರ್‌ಪಿ ಎಂಟನೇ ಪಡೆಯನ್ನು ನೋಡಿ ಅದೂ ನಮ್ಮ ಠಾಣೆಯವರದ್ದೇ ಅಂದುಕೊಳ್ಳುವವರು ಜಾಸ್ತಿ. ಅದು ರಾಜ್ಯದ ಮೀಸಲು ಪಡೆ. ಬಂದೋಬಸ್ತಿಗೆ ಕರೆದರೆ ಬರುತ್ತಾರೆ. ನಿಮ್ಮ ದೂರು ತೆಗೆದುಕೊಳ್ಳುವವರು ಅವರಲ್ಲ.

ಕಮಿಷನರ್ ಇಲ್ಲದಿದ್ದರೆ ಏನಾಗುತ್ತದೆ? ಕಮಿಷನರ್ ಇರುವ ಊರಲ್ಲಿ ನಿಷೇಧಾಜ್ಞೆ ಹೊರಡಿಸುವ ಅಧಿಕಾರ ಪೊಲೀಸರಿಗೇ ಇರುತ್ತದೆ. ನಮ್ಮಲ್ಲಿ ಜಿಲ್ಲಾಧಿಕಾರಿ ಆದೇಶ ಕೊಡಬೇಕು, ಪೊಲೀಸರು ಜಾರಿ ಮಾಡಬೇಕು. 2022ರ ಫೆಬ್ರವರಿಯಲ್ಲಿ ಗಲಭೆಯಿಂದ ಊರು ಕೆಟ್ಟು ನಿಂತಾಗ ಇದು ಕಣ್ಣಿಗೆ ಕಂಡಿತು. ಶಾಲೆ ಕಾಲೇಜು ಮುಚ್ಚಿದವು. ಹೊರಗಿನಿಂದ ಹಿರಿಯ ಅಧಿಕಾರಿಗಳು ಬಂದರು. ಆದೇಶಗಳೆಲ್ಲ ಮೇಲಿನಿಂದ ಬರುತ್ತಿದ್ದವು. ನನಗೆ ಬೇಕಾಗಿದ್ದದ್ದು ಮಾತ್ರ ಸಣ್ಣ ಉತ್ತರ: ಊರಿಗೆ ಹೊರಟ ಹುಡುಗಿಯರನ್ನು ಬಸ್ ಸ್ಟ್ಯಾಂಡಿಗೆ ಯಾವ ದಾರಿಯಲ್ಲಿ ಕಳಿಸಲಿ? ಅದನ್ನು ಹೇಳಿದ್ದು ನಮ್ಮ ಬೀಟ್ ಪೊಲೀಸ್. "ಅಕ್ಕಾ, ಈಗ ಬೇಡ, ನಾನೇ ಫೋನ್ ಮಾಡ್ತೀನಿ" ಅಂದರು. ಹೇಳಿದ ಹಾಗೆ ಮಾಡಿದರು ಕೂಡ.

ಈ ಬೀಟ್ ವ್ಯವಸ್ಥೆಗೆ ನನ್ನ ಪೂರ್ತಿ ಅಂಕ. ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ, ಒಂದೊಂದಕ್ಕೆ ಒಬ್ಬ ಪೇದೆಯನ್ನೋ ಹೆಡ್ ಕಾನ್‌ಸ್ಟೆಬಲ್‌ನ್ನೋ ಹೊಣೆ ಮಾಡಿರುತ್ತಾರೆ. ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾವ ಖಾಲಿ ಸೈಟಿನಲ್ಲಿ ರಾತ್ರಿ ಗುಂಪು ಸೇರುತ್ತದೆ ಅನ್ನುವುದು ಇನ್ಸ್‌ಪೆಕ್ಟರ್‌ಗಿಂತ ಮೊದಲು ಗೊತ್ತಾಗುವುದು ಇವರಿಗೆ. 2025ರ ಜುಲೈನಲ್ಲಿ ಸರ್ಕಾರ 'ಮನೆ ಮನೆಗೆ ಪೊಲೀಸ್' ಶುರು ಮಾಡಿದ್ದೂ ಇದೇ ದಾರಿಯಲ್ಲಿ. ಗೇಟಿನ ಎದುರು ಕೂರುವ ಹುಡುಗರ ವಿಷಯ ಹೇಳಿದ ಮೇಲೆ ಸಂಜೆ ಗಸ್ತು ನಮ್ಮ ಅಡ್ಡರಸ್ತೆಗೂ ಬರತೊಡಗಿತು. ಕೇಸು ಹಾಕಲಿಲ್ಲ, ಕೂಗಾಡಲಿಲ್ಲ. ಹೆಸರು, ಬೈಕ್ ನಂಬರ್ ಬರೆದುಕೊಂಡರು. ಅಷ್ಟಕ್ಕೇ ಜಾಗ ಖಾಲಿಯಾಯಿತು.

ಠಾಣೆಯೊಳಗೆ ನಿಮಗೆ ಮೊದಲು ಸಿಗುವುದು ಸೆಂಟ್ರಿ, ಆಮೇಲೆ ಆ ಹೊತ್ತಿಗೆ ಠಾಣೆಯ ಹೊಣೆ ಹೊತ್ತ, ಅಂದರೆ ಎಸ್‌ಎಚ್‌ಒ ಡ್ಯೂಟಿಯಲ್ಲಿರುವ ಎಎಸ್‌ಐ ಅಥವಾ ಹೆಡ್ ಕಾನ್‌ಸ್ಟೆಬಲ್. ದೊಡ್ಡ ಠಾಣೆಗಳಲ್ಲಿ ಇನ್ಸ್‌ಪೆಕ್ಟರ್ ಮುಖ್ಯಸ್ಥರು. ಅವರ ಕೆಳಗಿನ ಪಿಎಸ್‌ಐಗಳಲ್ಲಿ ಒಬ್ಬರಿಗೆ ಕಾನೂನು ಸುವ್ಯವಸ್ಥೆ, ಇನ್ನೊಬ್ಬರಿಗೆ ತನಿಖೆ. ಕಾಗದಪತ್ರವೆಲ್ಲ ರೈಟರ್ ಹತ್ತಿರ. ಸುಮ್ನೆ "ಸಾಹೇಬ್ರು ಇದಾರಾ" ಅಂತ ಕೇಳಿ ಹೊತ್ತು ಕಳೆಯಬೇಡಿ. ದೂರು ಬರೆದುಕೊಂಡೇ ಹೋಗಿ, ಎಸ್‌ಎಚ್‌ಒ ಕೈಗೆ ಕೊಡಿ, ಸ್ವೀಕೃತಿ ಕೇಳಿ. ಒಬ್ಬ ಹುಡುಗಿಯ ಮೊಬೈಲ್ ಬಸ್ಸಿನಲ್ಲಿ ಕಳೆದಾಗ ನಾವು ಹೀಗೇ ಮಾಡಿದೆವು. ಕಳೆದ ಫೋನ್ ಬ್ಲಾಕ್ ಮಾಡಲು ಸರ್ಕಾರ ನಡೆಸುವ ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬ್ಲಾಕ್ ಮಾಡುವುದನ್ನು ಅಲ್ಲಿದ್ದ ಮಹಿಳಾ ಪೇದೆಯೇ ಹೇಳಿಕೊಟ್ಟರು. ತಿಂಗಳುಗಳ ನಂತರ ಫೋನ್ ಸಿಕ್ಕಿತು ಅಂತ ಕರೆ ಬಂತು. ಆ ಮಗುವಿನ ಮುಖ ನೋಡಬೇಕಿತ್ತು!

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಸಾಕ್ಷಿ ಹೇಳಿಕೆಗೆ ಹೆಣ್ಣುಮಕ್ಕಳನ್ನು ಠಾಣೆಗೆ ಬಾ ಅಂತ ಒತ್ತಾಯ ಮಾಡುವ ಹಾಗಿಲ್ಲ, ಅವರಿರುವ ಕಡೆಗೇ ಬರಬೇಕು. ಪಕ್ಕದ ಮನೆಯ ಕಳ್ಳತನದ ವಿಷಯದಲ್ಲಿ ನಮ್ಮ ಪಿಜಿಯ ಹಾಲ್‌ನಲ್ಲೇ ಕೂತು ಹೇಳಿಕೆ ಬರೆದುಕೊಂಡರು.

ಆನ್‌ಲೈನ್ ಮೋಸಕ್ಕೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಬೇರೆಯೇ ಇದೆ. ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಿ, ಠಾಣೆ ಹುಡುಕಿಕೊಂಡು ಹೋಗುವುದು ಆಮೇಲೆ. ತುರ್ತು ಇದ್ದರೆ 112.

ಎಲ್ಲ ಕಡೆ ಹೀಗೇ ಅಂತ ಹೇಳಲಾರೆ. ಬೇರೆ ಜಿಲ್ಲೆಯ ಒಂದು ಊರಲ್ಲಿ ನನ್ನ ತಂಗಿಯ ಸರ ಕಿತ್ತುಕೊಂಡು ಹೋದರು. ಊರಿನ ಹೆಸರು ಬೇಡ. ಠಾಣೆಯಲ್ಲಿ "ಇದು ನಮ್ಮ ಲಿಮಿಟ್ಸ್ ಅಲ್ಲ" ಅಂದರು. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಜಾಗ ಯಾರದ್ದೇ ಆಗಿರಲಿ, ಇಂಥ ಅಪರಾಧದ ದೂರು ತೆಗೆದುಕೊಳ್ಳಲೇಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು. ನಾವು ರಿಜಿಸ್ಟರ್ಡ್ ಪೋಸ್ಟ್ ಮಾಡಿದ ಮೇಲೆಯೇ ಆ ಠಾಣೆಯಿಂದ ಕರೆ ಬಂದದ್ದು. ಸರ ಹೋದ ದಿನವೇ ಆಗಬೇಕಾದ ಕೆಲಸ ಅದು. ಕುತ್ತಿಗೆಯಲ್ಲಿ ಗಾಯ ಇಟ್ಟುಕೊಂಡು ಬಂದ ಹೆಣ್ಣುಮಗಳನ್ನು ಗಡಿ ಲೆಕ್ಕ ಹೇಳಿ ವಾಪಸ್ ಕಳಿಸುವುದು ತಪ್ಪು, ಅಲ್ವಾ?

ನಮ್ಮ ಊರಿನ ವ್ಯವಸ್ಥೆಯಲ್ಲಿ ನಾನು ಅಂಕ ಕಡಿಮೆ ಕೊಡುವುದು ಎರಡು ಕಡೆ. ಒಂದು, ವರ್ಗಾವಣೆ. ಎಸ್‌ಪಿಗಳಿಗೂ ಠಾಣಾಧಿಕಾರಿಗಳಿಗೂ ಕನಿಷ್ಠ ಎರಡು ವರ್ಷದ ಅವಧಿ ಇರಲಿ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತ್ತು. ಅಧಿಕಾರಿಗೆ ಊರಿನ ಗಲ್ಲಿಗಳು ಪರಿಚಯವಾಗುವ ಮೊದಲೇ ಆದೇಶ ಬಂದುಬಿಟ್ಟರೆ ನಷ್ಟ ನಮಗೆ. ಇನ್ನೊಂದು, ಬಂದೋಬಸ್ತ್. ಗಣಪತಿ ಹಬ್ಬ, ಈದ್ ಮಿಲಾದ್ ಹತ್ತಿರ ಬಂದರೆ ಠಾಣೆ ಖಾಲಿ. ಆಗ ವೆರಿಫಿಕೇಶನ್ ಕೆಲಸ ನಿಂತಲ್ಲೇ ನಿಲ್ಲುತ್ತದೆ. ಇದರಲ್ಲಿ ಪೇದೆಗಳ ತಪ್ಪಿಲ್ಲ. ಬೆಳಿಗ್ಗೆ ಮೆರವಣಿಗೆ ದಾರಿಯಲ್ಲಿ ನಿಂತವರೇ ರಾತ್ರಿ ಗಸ್ತಿಗೂ ಹೋಗುವುದನ್ನು ನೋಡಿದ್ದೇನೆ. ಅಷ್ಟು ಜನಕ್ಕೆ ಕೂತು ಊಟ ಮಾಡಲೂ ಜಾಗ ಇರುವುದಿಲ್ಲ. ಆ ದಿನಗಳಲ್ಲಿ ನಮ್ಮ ಅಡುಗೆಮನೆಯಿಂದ ಮಜ್ಜಿಗೆ, ಚಿತ್ರಾನ್ನ ಕೊಟ್ಟು ಕಳಿಸುತ್ತೇವೆ.

ಕಮಿಷನರ್ ಹುದ್ದೆಯೇ ಬೇಕು ಅಂತ ನಾನು ಕೇಳುವುದಿಲ್ಲ. ಹೆಚ್ಚುವರಿ ಎಸ್‌ಪಿ ಒಬ್ಬರಿಗೆ ನಗರದ ಠಾಣೆಗಳನ್ನಷ್ಟೇ ಒಪ್ಪಿಸಿ, ಎರಡು ವರ್ಷ ಅಲುಗಾಡಿಸದೆ ಬಿಟ್ಟರೆ ಸಾಕು. ಜೊತೆಗೆ ಪ್ರತಿ ಅಡ್ಡರಸ್ತೆಯಲ್ಲಿ ಬೀಟ್ ಪೊಲೀಸರ ಹೆಸರು, ನಂಬರ್ ಇರುವ ಬೋರ್ಡ್ ಹಾಕಲಿ. ನಮ್ಮ ಪಿಜಿಯ ನೋಟಿಸ್ ಬೋರ್ಡಿನಲ್ಲಿ ಅದನ್ನು ಹಾಕಿದ್ದೇನೆ. ಹೊಸದಾಗಿ ಸೇರುವ ಹುಡುಗಿಯರು ವೈಫೈ ಪಾಸ್‌ವರ್ಡ್ ಕೇಳುವ ಮೊದಲು ಆ ನಂಬರ್ ಸೇವ್ ಮಾಡಿಕೊಳ್ಳಬೇಕು, ಅದು ನಮ್ಮಲ್ಲಿ ನಿಯಮ.