ಹಿಡಿದ ಮೇಲೆ ಬಿಡಿಸಿಕೊಳ್ಳುವುದು ಹೇಗೆ: ಕುಸ್ತಿ ವಿಡಿಯೊ ಗೇಮ್‌ಗಳೊಂದಿಗೆ ಇಪ್ಪತ್ತು ವರ್ಷಗಳು

2003ರಲ್ಲಿ ನಮ್ಮ ಮನೆಗೆ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ (ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್) ಬಂದಾಗ ಅದರೊಂದಿಗೆ ಸಿಕ್ಕ ಡಿಸ್ಕ್‌ಗಳಲ್ಲಿ ‘ಸ್ಮ್ಯಾಕ್‌ಡೌನ್ 2’ ಎಂಬ ಕುಸ್ತಿ ಆಟ ಕೂಡ ಇತ್ತು. ಹರೆಯದಲ್ಲಿ ಗರಡಿಮನೆಯಲ್ಲಿ ತಾಲೀಮು ಮಾಡಿದ್ದ ನನ್ನ ಅಜ್ಜ ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಹಿಡಿದ್ಮೇಲೆ ಅವನು ಬಿಡಿಸ್ಕೊಳ್ಳೋದು ಹೇಗಪ್ಪಾ?” ಅಲ್ಲಿಂದೀಚೆಗೆ ಈ ಸರಣಿಯ ಆಟಗಳನ್ನು ಪ್ಲೇಸ್ಟೇಷನ್‌ನ ಒಂದೊಂದು ತಲೆಮಾರಿನಲ್ಲೂ ಆಡಿದ್ದೇನೆ, ಮತ್ತು ಪ್ರತಿಯೊಂದನ್ನೂ ಆ ಪ್ರಶ್ನೆಯಿಂದಲೇ ಅಳೆದಿದ್ದೇನೆ. ಈ ಆಟಗಳಿಗೆ ಮೂಲವಾದ, ಟಿವಿಯಲ್ಲಿ ಬರುವ ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಕುಸ್ತಿ ಪಂದ್ಯದ ಫಲಿತಾಂಶ ಮೊದಲೇ ನಿರ್ಧಾರವಾಗಿರುತ್ತದೆ. ಆದರೆ ಇಬ್ಬರು ಕಂಟ್ರೋಲರ್ ಹಿಡಿದು ಕುಳಿತಾಗ ಒಬ್ಬರು ನಿಜವಾಗಿಯೂ ಗೆಲ್ಲಲೇಬೇಕು. ಟಿವಿ ಪ್ರದರ್ಶನದಂತೆ ಕಾಣಬೇಕೋ, ಪಂದ್ಯದಂತೆ ಆಡಬೇಕೋ ಎಂಬ ತೂಗಾಟ ಈ ಆಟಗಳ ಬೆಳವಣಿಗೆಯ ಉದ್ದಕ್ಕೂ ಇದೆ.

ಜಪಾನಿನ ಯೂಕ್ಸ್ ಸಂಸ್ಥೆ ರೂಪಿಸಿದ ಸ್ಮ್ಯಾಕ್‌ಡೌನ್‌ನ ಮೊದಲೆರಡು ಆಟಗಳೂ 2000ದಲ್ಲೇ ಬಂದವು. ಎರಡರಲ್ಲೂ ವೇಗವೇ ಪ್ರಧಾನ. ವೃತ್ತದ ಬಟನ್ ಜೊತೆ ಒಂದು ದಿಕ್ಕನ್ನು ಒತ್ತಿದರೆ ಪಟ್ಟು ಆಗಿಯೇ ಬಿಡುತ್ತದೆ. ಚೌಕದ ಬಟನ್ ಒತ್ತಿ ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ಊಹೆಯ ವಿಷಯ. ಗೆಳೆಯರು ಸೇರಿದಾಗ ಇದಕ್ಕಿಂತ ಖುಷಿ ಕೊಡುವ ಆಟ ಅಂದು ನನಗೆ ಗೊತ್ತಿರಲಿಲ್ಲ. ಆದರೂ ಅಜ್ಜನ ಪ್ರಶ್ನೆಗೆ ಅದರಲ್ಲಿ ಸಮಾಧಾನಕರ ಉತ್ತರವಿರಲಿಲ್ಲ.

ಉತ್ತರ ಅದೇ ವರ್ಷ ಬೇರೊಂದು ಕನ್ಸೋಲ್‌ನಲ್ಲಿ ಸಿದ್ಧವಾಗಿತ್ತು ಎಂಬುದು ನನಗೆ ತಿಳಿದದ್ದು, ಅಮೆರಿಕದಿಂದ ಮರಳಿದ ಸೋದರಮಾವ ತಮ್ಮ ನಿಂಟೆಂಡೊ 64 ತಂದಾಗ. ಎಕೆಐ ಸಂಸ್ಥೆಯ ‘ನೋ ಮರ್ಸಿ’ಯಲ್ಲಿ ಬಟನ್ ಅನ್ನು ಥಟ್ಟನೆ ಒತ್ತಿದರೆ ಸಡಿಲ ಹಿಡಿತ, ಒತ್ತಿ ಹಿಡಿದರೆ ಬಿಗಿ ಹಿಡಿತ. ಪಂದ್ಯದ ಆರಂಭದಲ್ಲೇ ಬಿಗಿ ಹಿಡಿತಕ್ಕೆ ಕೈ ಹಾಕಿದವನು ಪೆಟ್ಟು ತಿನ್ನುತ್ತಾನೆ. ಸಣ್ಣ ಪಟ್ಟುಗಳಿಂದ ಎದುರಾಳಿಯನ್ನು ದಣಿಸಿ, ಹುಮ್ಮಸ್ಸಿನ ಮಾಪಕವನ್ನು ತನ್ನ ಕಡೆ ತಿರುಗಿಸಿಕೊಂಡವನಿಗೇ ಕೊನೆಯ ದೊಡ್ಡ ಪಟ್ಟು ದಕ್ಕುತ್ತದೆ. ಮುಖಗಳು ಚಪ್ಪಟೆ, ಬೆರಳುಗಳು ಬಿಡಿಯಾಗಿ ಕಾಣುವುದೇ ಇಲ್ಲ. ಹಾಗಿದ್ದೂ ಪಂದ್ಯ ನಿಧಾನವಾಗಿ ಕಾವೇರುವ ಆ ಪರಿ ಇಂದಿಗೂ ಹಳತಾಗಿಲ್ಲ. ನಾಲ್ಕು ಕಂಟ್ರೋಲರ್‌ಗಳನ್ನು ನೇರವಾಗಿ ಜೋಡಿಸಬಹುದಾಗಿದ್ದರಿಂದ ರಜೆಯ ದಿನಗಳಲ್ಲಿ ಮನೆಮಂದಿಯೆಲ್ಲ ಒಂದೇ ಅಖಾಡದಲ್ಲಿ ಇಳಿಯುತ್ತಿದ್ದೆವು.

ಇಡೀ ಸರಣಿಯಲ್ಲಿ ಒಂದೇ ಒಂದು ಆಟವನ್ನು ಇಟ್ಟುಕೊಳ್ಳಬೇಕೆಂದರೆ ನಾನು ಆರಿಸುವುದು 2003ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ‘ಹಿಯರ್ ಕಮ್ಸ್ ದಿ ಪೇನ್’. ಯೂಕ್ಸ್ ತನ್ನ ವೇಗವನ್ನು ಬಿಡದೆಯೇ ಹಿಡಿತಕ್ಕೆ ಆಳ ಕೊಟ್ಟದ್ದು ಇಲ್ಲಿ. ಮೊದಲು ಯಾವ ಬಗೆಯ ಹಿಡಿತ ಎಂಬುದನ್ನು ದಿಕ್ಕಿನಿಂದ ಆರಿಸಬೇಕು, ಆಮೇಲೆ ಆ ಹಿಡಿತದಿಂದ ಯಾವ ಪಟ್ಟು ಎಂಬುದನ್ನು. ಈ ಎರಡು ಹೆಜ್ಜೆಗಳ ನಡುವೆ ಎದುರಾಳಿಗೆ ಒಂದು ಅವಕಾಶವಿದೆ. ಹೊಡೆತ ತಡೆಯಲು ಎಲ್2, ಹಿಡಿತ ಬಿಡಿಸಿಕೊಳ್ಳಲು ಆರ್2 ಎಂದು ಬೇರೆಬೇರೆ ಬಟನ್‌ಗಳಿರುವುದರಿಂದ, ಎದುರಿನವನು ಹೊಡೆಯಲು ಬರುತ್ತಿದ್ದಾನೋ ಹಿಡಿಯಲು ಬರುತ್ತಿದ್ದಾನೋ ಎಂಬುದನ್ನು ಅವನ ಭುಜದ ಚಲನೆಯಿಂದಲೇ ಓದಲು ಕಲಿಯಬೇಕಾಗುತ್ತದೆ. ಪರದೆಯ ಮೂಲೆಯಲ್ಲಿರುವ ಪುಟ್ಟ ದೇಹಚಿತ್ರದಲ್ಲಿ ತಲೆ, ಎದೆ, ಕೈ, ಕಾಲುಗಳು ಪೆಟ್ಟಿಗೆ ತಕ್ಕಂತೆ ಬಣ್ಣ ಬದಲಿಸುತ್ತವೆ; ಕಾಲನ್ನೇ ಗುರಿಯಾಗಿಸಿ ಆಡಿದವನು ಕಾಲಿನ ಪಟ್ಟಿನಲ್ಲೇ ಸೋಲೊಪ್ಪಿಸಬಹುದು. ಈ ಆಟದಲ್ಲಿ ವೀಕ್ಷಕ ವಿವರಣೆ ಇಲ್ಲ. ಹಲವರು ಅದನ್ನು ಕೊರತೆಯೆಂದರು, ನನಗೆ ಅದರಿಂದ ಗಮನ ಕದಲದೆ ಆಡಲು ಅನುಕೂಲವೇ ಆಯಿತು.

ನಂತರದ ‘ಸ್ಮ್ಯಾಕ್‌ಡೌನ್ ವರ್ಸಸ್ ರಾ’ ಆಟಗಳು ಟಿವಿಯ ಕಡೆಗೆ ವಾಲಿದವು. 2006ರ ಆವೃತ್ತಿಯಲ್ಲಿ ದಣಿವು ಒಂದು ಲೆಕ್ಕವಾಗಿ ಬಂತು. ಉಸಿರು ತಿರುಗಿಸಿಕೊಳ್ಳಲು ಸೆಲೆಕ್ಟ್ ಬಟನ್ ಒತ್ತಿ ಹಿಡಿದು ನಿಲ್ಲಬೇಕು. ಗರಡಿ ಕಂಡವರಿಗೆ ಇದು ಸಹಜವೆನಿಸುತ್ತದೆ. ಪಂದ್ಯಗಳನ್ನು ಜೋಡಿಸಿ ಕಾರ್ಯಕ್ರಮ ನಡೆಸುವ ಜನರಲ್ ಮ್ಯಾನೇಜರ್ ವಿಭಾಗವೂ ಆಗಲೇ ಬಂದು, ಕೆಲವೇ ವರ್ಷಗಳಲ್ಲಿ ಕಾರಣವಿಲ್ಲದೆ ಮರೆಯಾಯಿತು. 2008ರ ಆವೃತ್ತಿಯಲ್ಲಿ ಭಾರತದ ಕುಸ್ತಿಪಟು ದಿ ಗ್ರೇಟ್ ಖಲಿ ಕಾಣಿಸಿಕೊಂಡಾಗ ನಮ್ಮ ಬೀದಿಯ ಹುಡುಗರೆಲ್ಲ ಅವರನ್ನೇ ಆರಿಸುತ್ತಿದ್ದರು.

2012ರ ಕೊನೆಯಲ್ಲಿ ಪ್ರಕಾಶಕ ಸಂಸ್ಥೆ ಟಿಎಚ್‌ಕ್ಯೂ ದಿವಾಳಿಯಾಗಿ, ಸರಣಿ 2ಕೆ ಎಂಬ ಮತ್ತೊಂದು ಪ್ರಕಾಶಕ ಸಂಸ್ಥೆಯ ಕೈಗೆ ಬಂತು. ಪ್ಲೇಸ್ಟೇಷನ್ 4ರಲ್ಲಿ ಕಾಲಿಟ್ಟ 2ಕೆ15 ಎಂಬ ಆವೃತ್ತಿಯಲ್ಲಿ ಕುಸ್ತಿಪಟುಗಳ ಬೆವರಿನ ಹನಿಯೂ ಕಾಣುತ್ತದೆ. ಆದರೆ ಹಳೆಯ ಆವೃತ್ತಿಗಳಲ್ಲಿದ್ದ ಎಷ್ಟೋ ಸೌಲಭ್ಯಗಳು, ಮಹಿಳಾ ಕುಸ್ತಿಪಟುವನ್ನು ನಾವೇ ರೂಪಿಸುವ ಅವಕಾಶವೂ ಸೇರಿದಂತೆ, ಇಲ್ಲವಾದವು. ಮರುವರ್ಷ ಬಿಡಿಸಿಕೊಳ್ಳುವ ಅವಕಾಶಗಳಿಗೆ ಎಣಿಕೆಯ ಮಿತಿ ಬಂತು. ಪಂದ್ಯ ಟಿವಿಯಲ್ಲಿ ನಡೆದಂತೆ ಏರಿಳಿಯಲಿ ಎಂಬುದು ಅದರ ಉದ್ದೇಶವಿದ್ದೀತು. ಆದರೆ ಸರಿಯಾದ ಕ್ಷಣ ಗುರುತಿಸಿದವನೂ ಎಣಿಕೆ ಮುಗಿದಿದೆ ಎಂಬ ಕಾರಣಕ್ಕೆ ಸುಮ್ಮನೆ ಪೆಟ್ಟು ತಿನ್ನಬೇಕಾಗುವ ಈ ನಿಯಮವನ್ನು ನಾನು ಎಂದಿಗೂ ಒಪ್ಪಲಾರೆ. 2019ರಲ್ಲಿ ಯೂಕ್ಸ್ ಹೊರನಡೆದ ಮೇಲೆ ಬಂದ 2ಕೆ20 ದೋಷಗಳಿಗಾಗಿಯೇ ಹೆಸರಾಯಿತು, ಮುಂದಿನ ವರ್ಷದ ಆವೃತ್ತಿ ರದ್ದಾಯಿತು.

ಆ ಬಿಡುವು ಒಳ್ಳೆಯದನ್ನೇ ಮಾಡಿತು. 2022ರ ಮಾರ್ಚ್‌ನಲ್ಲಿ ಬಂದ 2ಕೆ22ರಲ್ಲಿ ಎದುರಾಳಿ ಸರಣಿ ಹೊಡೆತ ಆರಂಭಿಸಿದಾಗ, ಅವನು ಮುಂದೆ ಒತ್ತಲಿರುವ ಬಟನ್ ಅನ್ನೇ ನೀವೂ ಊಹಿಸಿ ಒತ್ತಿದರೆ ಅವನ ಓಟ ಮುರಿಯುತ್ತದೆ. ಒಬ್ಬ ಗೆಳೆಯನೊಂದಿಗೆ ತಿಂಗಳುಗಟ್ಟಲೆ ಆಡಿದರೆ ಅವನ ಬೆರಳುಗಳ ಅಭ್ಯಾಸವೇ ನಿಮಗೆ ಬಾಯಿಪಾಠವಾಗುತ್ತದೆ. ಕಾಣೆಯಾಗಿದ್ದ ಜನರಲ್ ಮ್ಯಾನೇಜರ್ ವಿಭಾಗವೂ ಇದರಲ್ಲಿ ಮರಳಿತು. ಡಬ್ಲ್ಯೂಡಬ್ಲ್ಯೂಇಯ ಪ್ರತಿಸ್ಪರ್ಧಿ ಕುಸ್ತಿ ಸಂಸ್ಥೆ ಎಇಡಬ್ಲ್ಯೂಗಾಗಿ ಯೂಕ್ಸ್ 2023ರಲ್ಲಿ ರೂಪಿಸಿದ ‘ಎಇಡಬ್ಲ್ಯೂ ಫೈಟ್ ಫಾರೆವರ್’ ನೋ ಮರ್ಸಿಯ ಹಾದಿಗೆ ಮರಳಲು ಯತ್ನಿಸಿತು. ಹಿಡಿತ ಹಿತವಾಗಿದೆ, ಉಳಿದದ್ದು ತೆಳು.

ಕೊಳ್ಳುವವರಿಗೆ ನನ್ನ ಸಲಹೆ: ಮನೆಯಲ್ಲಿ ಪ್ಲೇಸ್ಟೇಷನ್ 5 ಇದ್ದರೆ 2ಕೆ22 ಅಥವಾ ಅದರ ನಂತರದ ಯಾವುದಾದರೂ ಆವೃತ್ತಿಯನ್ನು ರಿಯಾಯಿತಿ ಬೆಲೆಗೆ ಸಿಕ್ಕಾಗ ಕೊಳ್ಳಿ, ಪ್ರತಿವರ್ಷ ಹೊಸದು ಬೇಕಿಲ್ಲ. ಇತರರು ರೂಪಿಸಿದ ಕುಸ್ತಿಪಟುಗಳನ್ನು ಇಳಿಸಿಕೊಳ್ಳುವ ಸೌಲಭ್ಯ ಸರ್ವರ್‌ಗಳ ಮೇಲೆ ನಿಂತಿದೆ, ಹಳೆಯ ಆವೃತ್ತಿಗಳ ಸರ್ವರ್‌ಗಳನ್ನು ಕೆಲವು ವರ್ಷಗಳಲ್ಲಿ ಮುಚ್ಚಿಬಿಡುತ್ತಾರೆ ಎಂಬುದು ನೆನಪಿರಲಿ. ಹಳೆಯ ಪ್ಲೇಸ್ಟೇಷನ್ 2 ಅಟ್ಟದ ಮೇಲಿದ್ದರೆ ಕೆಳಗಿಳಿಸಿ. ನನ್ನ 8 ಎಂಬಿ ಮೆಮೊರಿ ಕಾರ್ಡ್‌ನಲ್ಲಿ, ಅಜ್ಜ ಹೇಳಿದಂತೆ ಮೀಸೆ ತಿದ್ದಿ, ಕೆಂಪು ಲಂಗೋಟಿಗೆ ಹತ್ತಿರದ ಚಡ್ಡಿ ಹುಡುಕಿ ನಾನು ರೂಪಿಸಿದ ಪೈಲ್ವಾನ ಇನ್ನೂ ಇದ್ದಾನೆ. ಕಳೆದ ಭಾನುವಾರ ನನ್ನ ಮಗಳು ಅವನನ್ನು ಆರಿಸಿಕೊಂಡು, ಸರಿಯಾದ ಕ್ಷಣದಲ್ಲಿ ಆರ್2 ಒತ್ತಿ ನನ್ನ ಹಿಡಿತದಿಂದ ಬಿಡಿಸಿಕೊಂಡಳು.