ಹಯಾವಾತಾ ನಾಟಕದ ಹಳೇ ಫೋಟೋಗಳು: ಪ್ರಿಂಟ್ ತಗೊಳೋ ಮುಂಚೆ ಒರಿಜಿನಲ್ ಸ್ಕ್ಯಾನ್ ನೋಡಿ

ಹಯಾವಾತಾ ಅಂದ್ರೆ ಉತ್ತರ ಅಮೆರಿಕದ ಮೂಲನಿವಾಸಿಗಳು ನೂರು ವರ್ಷಕ್ಕೂ ಹಿಂದೆ ಆಡ್ತಿದ್ದ ಒಂದು ನಾಟಕ, ಅದರ ಹಳೇ ಫೋಟೋ ಪ್ರಿಂಟ್ ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ್ದೆ. ಪೇಪರ್ ಚೆನ್ನಾಗಿದೆ, ಫ್ರೇಮೂ ಗಟ್ಟಿ, ಆದ್ರೆ ಅಂಚು ಕತ್ತರಿಸಿ ವೇದಿಕೆ, ಹಿಂದಿನ ನೀರು ಎಲ್ಲಾ ತೆಗೆದುಬಿಟ್ಟಿದ್ದಾರೆ, ಕೆಳಗೆ ಬರೀ 'ಇಂಡಿಯನ್ ಯೋಧ' ಅಂತಿದೆ (ಅಲ್ಲಿನ ಮೂಲನಿವಾಸಿಗಳನ್ನ ಆಗ ಹಾಗೇ ಕರೀತಿದ್ರು). ಅದು ನಾಟಕದ ದೃಶ್ಯ, ಅಲ್ಲಿ ನಿಂತಿರೋರು ನಟರು ಅಂತ ನೋಡಿದೋರಿಗೆ ಗೊತ್ತೇ ಆಗಲ್ಲ. ಎರಡು ಸ್ಟಾರ್, ಅದೂ ಪೇಪರ್‌ಗೆ.

ಈ ನಾಟಕದ ಫೋಟೋಗಳು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ ವೆಬ್‌ಸೈಟಲ್ಲೇ ಫ್ರೀಯಾಗಿ ಸಿಗ್ತವೆ, ಟಿಫ್ ಫೈಲ್ (ದೊಡ್ಡ, ಸ್ಪಷ್ಟವಾದ ಸ್ಕ್ಯಾನ್) ಇಳಿಸ್ಕೊಂಡು ಹತ್ತಿರದ ಅಂಗಡೀಲಿ ಪ್ರಿಂಟ್ ಹಾಕಿಸ್ಕೊಬಹುದು. ಇದಕ್ಕೆ ಐದಕ್ಕೆ ಐದು. ಅಂಚು ಕತ್ತರಿಸದೇ ಇರೋ ಚಿತ್ರ ಝೂಮ್ ಮಾಡಿ ನೋಡಿದ್ರೆ ಬೇರೇನೇ ಲೋಕ, ಬರ್ಚ್ ಮರದ ತೊಗಟೆಯ ದೋಣಿ, ದಡದ ಗುಡಿಸಲು, ಮಣಿ ಪೋಣಿಸಿ ಮಾಡಿದ ಹೂವಿನ ಕಸೂತಿ. ಹೂವಿನ ಕಸೂತಿ ಅನಿಶಿನಾಬೆ (ಈ ನಾಟಕ ಆಡಿದ ಒಜಿಬ್ವೆ ಬುಡಕಟ್ಟೂ ಸೇರಿದ ಜನಾಂಗ) ಹೆಂಗಸರ ಸ್ವಂತ ಕೈಚಳಕ, ತಲೆ ಮೇಲಿನ ದೊಡ್ಡ ಗರಿ ಕಿರೀಟ ಮಾತ್ರ ಅಮೆರಿಕದ ಹುಲ್ಲುಬಯಲಿನ ಬುಡಕಟ್ಟುಗಳದ್ದು, ಟೂರಿಸ್ಟ್‌ಗಳು ಅದನ್ನೇ ನೋಡೋಕೆ ಬರ್ತಿದ್ರು.

ಕಥೆ ಗೊತ್ತಿಲ್ಲದೋರಿಗೆ ಹೇಳ್ತೀನಿ. ಅಮೆರಿಕದ ಕವಿ ಲಾಂಗ್‌ಫೆಲೋ 1855ರಲ್ಲಿ ಬರೆದ ಕಾವ್ಯಕ್ಕೆ ಹಯಾವಾತಾ ಅನ್ನೋ ಹೆಸರು ಬಂದಿದ್ದು ಹೌಡೆನೊಸೌನಿ ಅನ್ನೋ ಬೇರೆ ಮೂಲನಿವಾಸಿ ಜನರಿಂದ, ಆದ್ರೆ ಒಳಗಿನ ಕಥೆಗಳು ಬಹುಪಾಲು ಒಜಿಬ್ವೆಗಳ ಕಥಾನಾಯಕ ನಾನಾಬೊಝೋದು, ಸ್ಕೂಲ್‌ಕ್ರಾಫ್ಟ್ ಅನ್ನೋ ಅಮೆರಿಕದ ಅಧಿಕಾರಿ ಸಂಗ್ರಹಿಸಿದ್ದು, ಅದ್ರಲ್ಲಿ ಅವನ ಒಜಿಬ್ವೆ ಹೆಂಡತಿ ಜೇನ್ ಜಾನ್ಸ್ಟನ್ ಮತ್ತೆ ಅವಳ ಮನೆಯವರ ಪಾಲು ದೊಡ್ಡದು. ಆ ಕಾವ್ಯವನ್ನೇ 1901ರ ಹೊತ್ತಿಗೆ ಕೆನಡಾದ ಡೆಸ್ಬರಾಟ್ಸ್ ಹತ್ರ ಹ್ಯೂರನ್ ಸರೋವರದ ದಡದಲ್ಲಿ ಗಾರ್ಡನ್ ರಿವರ್‌ನ ಒಜಿಬ್ವೆ ಜನ ಆಡೋಕೆ ಶುರು ಮಾಡಿದ್ರು, ಏರ್ಪಾಡು ರೈಲ್ವೆ ಕಂಪನಿಯ ಆರ್ಮ್‌ಸ್ಟ್ರಾಂಗ್‌ದು. ಆಮೇಲೆ ಅಮೆರಿಕದ ಮಿಚಿಗನ್‌ನ ಪೆಟೋಸ್ಕಿಗೂ ಬಂತು, ಅಲ್ಲಿ ಗ್ರೇಸ್ ಚಾಂಡ್ಲರ್ ಹಾರ್ನ್ ಅನ್ನೋ ಮಹಿಳೆ ತೆಗೆದ ಫೋಟೋಗಳು ನನಗೆ ತುಂಬಾ ಇಷ್ಟ, ಮುಖಗಳ ಮೇಲಿನ ಬೆಳಕು ನೋಡಿ ಒಂದ್ಸಲ. ಕೊನೇ ದೃಶ್ಯದಲ್ಲಿ ಹಯಾವಾತಾ ದೋಣೀಲಿ ನಿಂತ್ಕೊಂಡು ಪಡುವಣಕ್ಕೆ ಹೋಗಿಬಿಡ್ತಾನೆ, ಅಂದ್ರೆ ಈ ಜನ ಮುಗಿದೇ ಹೋದ್ರು ಅಂತ ಪ್ರೇಕ್ಷಕರು ಅಂದ್ಕೊಂಡು ಮನೆಗೆ ಹೋಗೋರು. ಆದ್ರೆ ಆಡ್ತಿದ್ದೋರು ಅಲ್ಲೇ ಇದ್ರು, ಸಂಬಳ ತಗೊಂಡು, ಒಜಿಬ್ವೆ ಭಾಷೇಲೇ ಮಾತಾಡಿ ಹಾಡ್ತಾ. ಮೂಲನಿವಾಸಿ ಮಕ್ಕಳನ್ನ ಮನೆಯಿಂದ ದೂರ ಇಟ್ಟು ಓದಿಸ್ತಿದ್ದ ವಸತಿ ಶಾಲೆಗಳಲ್ಲಿ ಅವರು ಅದೇ ಭಾಷೆ ಆಡಿದ್ರೆ ಶಿಕ್ಷೆ ಕೊಡ್ತಿದ್ದ ಕಾಲ ಅದು, ಕುಣಿತ, ಆಚರಣೆಗಳ ಮೇಲೂ ಸರ್ಕಾರದ ಕಣ್ಣು. ಅಂಥಾ ಹೊತ್ತಲ್ಲಿ ನೂರಾರು ಜನರ ಎದುರು ಗಟ್ಟಿಯಾಗಿ ಹಾಡೋಕೆ ಸಿಕ್ಕ ಜಾಗ ಅದು, ಅದಕ್ಕೇ ಇದನ್ನ ಬರೀ ಟೂರಿಸ್ಟ್ ಶೋ ಅಂತ ತಳ್ಳಿಹಾಕೋಕೆ ನನಗೆ ಮನಸ್ಸು ಒಪ್ಪಲ್ಲ.

ಒಂದೇ ಬೇಜಾರು, ಆಗಿನ ಫೋಟೋಗ್ರಾಫರ್‌ಗಳು, ಪೋಸ್ಟ್‌ಕಾರ್ಡ್ ಕಂಪನಿಗಳು ಎಷ್ಟೋ ಕಡೆ ಪಾತ್ರದ ಹೆಸರು ಬರೆದು ಆಡಿದೋರ ಹೆಸರು ಬಿಟ್ಟಿದ್ದಾರೆ. ಈಗ ಪ್ರಿಂಟ್ ಮಾರೋರು ಅದನ್ನ ಇನ್ನೂ ಕೆಡಿಸೋದು ಬೇಡ, ಅಂಚು ಕತ್ತರಿಸದೆ ಕೊಡಿ, ಹಿಂಬದೀಲಿ ನಾಟಕದ ಹೆಸರು, ಗೊತ್ತಿದ್ರೆ ಊರಿನ ಹೆಸರೂ ಹಾಕಿ, ಆಗ ನಾನೇ ಇನ್ನೊಂದು ಆರ್ಡರ್ ಮಾಡ್ತೀನಿ.